ಹತ್ತಿಯ ಸೇಠರು ಪ್ರೇಮಚಂದ ರಾಯಚಂದರು

ಫೋರ್ಟಿನ ಕಚೇರಿಗಳಲ್ಲಿ ದುಡಿಯುವ ಕನ್ನಡಿಗರಿಗೆ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರವು ಹೊಸದಲ್ಲ. ಸುಮಾರು 280 ಅಡಿ ಎತ್ತರದ ಈ ಗೋಪುರ ಹತ್ತಿಯ ವ್ಯಾಪಾರದ ಹಣದಿಂದ ಎದ್ದುದೆಂಬುದನ್ನು ಮಾತ್ರ ನಾವು ಮರೆತಿದ್ದೇವೆ.

ಆ ಹಣವನ್ನು ಕೊಟ್ಟ ಸೇಠ ಪ್ರೇಮಚಂದ ರಾಯಚಂದರು 1831ರಲ್ಲಿ ಸೂರತಿನ ಜೈನ ವರ್ತಕ ಮನೆತನದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಮುಂಬಯಿಗೆ ಬಂದು, ಇಂಗ್ಲಿಷ್ ಕಲಿತು, ಹತ್ತಿ ಮತ್ತು ಶೇರುಗಳ ದಲ್ಲಾಳಿಯಾದರು. 1861ರಲ್ಲಿ ಅಮೇರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅಲ್ಲಿಯ ದಕ್ಷಿಣದ ಬಂದರುಗಳಿಗೆ ದಿಗ್ಬಂಧನವಾದ್ದರಿಂದ ಲ್ಯಾಂಕಾಷೈರಿನ ಗಿರಣಿಗಳು ಭಾರತದ ಅರಳೆಗೆ ಕೈಯೊಡ್ಡಿದವು. ನಮ್ಮ ಧಾರವಾಡ ಸೀಮೆಯ ಹತ್ತಿಯೂ ಘಟ್ಟವಿಳಿದು, ಕುಮಟೆಯಲ್ಲಿ ಹಡಗನ್ನೇರಿ ಮುಂಬಯಿಗೆ ಬಂದಿತು. ಬೆಲೆ ಗಗನಕ್ಕೇರಿತು.

ಹಣ ಹರಿದುಬಂದಂತೆ ಹೊಸ ಬ್ಯಾಂಕುಗಳೂ, ಸಮುದ್ರ ತುಂಬಿ ನೆಲ ಮಾಡುವ ಕಂಪನಿಗಳೂ ಹುಟ್ಟಿದವು. ಅವುಗಳ ಶೇರಿನ ಸಟ್ಟಾ ವ್ಯವಹಾರದಲ್ಲಿ ಪ್ರೇಮಚಂದರದೇ ಮುಂದಾಳುತನ. ಬ್ಯಾಂಕ್ ಆಫ್ ಬಾಂಬೆಯು ಶೇರುಗಳ ಒತ್ತೆಯ ಮೇಲೆ, ಕೆಲವೊಮ್ಮೆ ಬರಿಯ ಹೆಸರಿನ ಮೇಲೆ, ಸಾಲ ಕೊಟ್ಟಿತು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ದರ ಕುಸಿಯಿತು. ಜುಲೈ 1ಕ್ಕೆ ತೀರಬೇಕಾಗಿದ್ದ ಶೇರು ಕರಾರುಗಳು ತೀರಲಿಲ್ಲ. ಎಷ್ಟೋ ಮನೆತನಗಳು ಬೀದಿಗೆ ಬಿದ್ದವು. ಪ್ರೇಮಚಂದರೂ ದಿವಾಳಿಯೆದ್ದರು. ಬ್ಯಾಂಕು 1868ರಲ್ಲಿ ಮುಚ್ಚಿ, ಅದೇ ಹೆಸರಿನಲ್ಲಿ ಹೊಸದಾಗಿ ಹುಟ್ಟಬೇಕಾಯಿತು. ಸಾಲದ ಹಣದಿಂದಲೇ ಬೆಲೆಯೇರಿದ ಶೇರನ್ನು ಮತ್ತೆ ಸಾಲಕ್ಕೆ ಒತ್ತೆಯಾಗಿ ಹಿಡಿದರೆ ಏನಾಗುತ್ತದೆಂಬುದನ್ನು ಖಾತೆ ಬರೆಯುವ ನಾವು ಇಲ್ಲಿಂದ ಕಲಿಯಬೇಕು.

ಆದರೆ ಕುಸಿತಕ್ಕೆ ಮುಂಚೆ, 1864ರಲ್ಲಿಯೇ, ಅವರು ವಿಶ್ವವಿದ್ಯಾಲಯಕ್ಕೆ ಗ್ರಂಥಾಲಯಕ್ಕೆಂದು 2 ಲಕ್ಷ ರೂಪಾಯಿ, ತಾಯಿ ರಾಜಾಬಾಯಿಯವರ ಹೆಸರಿನ ಗೋಪುರಕ್ಕೆಂದು ಮತ್ತೆ 2 ಲಕ್ಷ ರೂಪಾಯಿ ದಾನವಿತ್ತಿದ್ದರು. ಮುಂಬಯಿಗೆ ಒಮ್ಮೆಯೂ ಬಾರದ ಜಾರ್ಜ್ ಗಿಲ್ಬರ್ಟ್ ಸ್ಕಾಟರು ನಕಾಶೆ ಬರೆದರು. 1869ರಲ್ಲಿ ಆರಂಭವಾದ ಕೆಲಸ 1878ರಲ್ಲಿ ಮುಗಿಯಿತು. ಶೇರುಗಳು ರದ್ದಿಯಾದವು, ದಾನ ಕಲ್ಲಾಗಿ ನಿಂತಿತು.

ಪ್ರೇಮಚಂದರು ಎದೆಗುಂದದೆ ಮರಳಿ ದಲ್ಲಾಳಿ ವೃತ್ತಿಗಿಳಿದರು. 1875ರಲ್ಲಿ ರೂಪುಗೊಂಡ ಶೇರು ದಲ್ಲಾಳಿಗಳ ಸಂಘದ ಸ್ಥಾಪಕರಲ್ಲಿ ಅವರೂ ಒಬ್ಬರು. ಅದೇ ಇಂದಿನ ಮುಂಬಯಿ ಶೇರು ವಿನಿಮಯ ಕೇಂದ್ರ. 1906ರಲ್ಲಿ ಅವರು ತೀರಿಕೊಂಡರು.

2018ರಲ್ಲಿ ಈ ಗೋಪುರವು ಸುತ್ತಣ ಕಟ್ಟಡಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸಟ್ಟಾದಲ್ಲಿ ಕಳೆದುಕೊಂಡವರ ಕಣ್ಣೀರನ್ನು ಗೋಪುರವು ಒರೆಸಲಾರದು. ಆದರೂ ಅದರಡಿಯ ಗ್ರಂಥಾಲಯದಲ್ಲಿ ಓದಿ ಬದುಕು ಕಟ್ಟಿಕೊಂಡ ಬಡ ವಿದ್ಯಾರ್ಥಿಗಳನ್ನು ನೆನೆದಾಗ, ಸೇಠರ ಹೆಸರನ್ನು ನಾವು ಗೌರವದಿಂದಲೇ ಉಚ್ಚರಿಸುತ್ತೇವೆ.