ಬೆಟ್ಟದ ಹವೆಯನ್ನು ಬರೆದ ಚಿತ್ರಕಾರ: ಕೆ. ವೆಂಕಟಪ್ಪ

ಬೆಟ್ಟವನ್ನು ಚಿತ್ರಿಸುವುದು ಸುಲಭವೆಂದು ಬಯಲುಸೀಮೆಯವರಾದ ನಾವು ಭಾವಿಸುವುದುಂಟು. ಅದು ಓಡಿಹೋಗುವ ಜಿಂಕೆಯಲ್ಲ, ಮುಖ ತಿರುಗಿಸುವ ಮನುಷ್ಯನಲ್ಲ. ನಿನ್ನೆ ನಿಂತಲ್ಲೇ ಇಂದೂ ನಿಂತಿರುತ್ತದೆ. ಆದರೆ ಬೆಟ್ಟದ ದಾರಿಯಲ್ಲಿ ಒಂದು ದಿನ ಕಳೆದವರಿಗೆ ಗೊತ್ತು, ಅಲ್ಲಿ ಸ್ಥಿರವಾಗಿರುವುದು ಕಲ್ಲು ಮಾತ್ರ, ಕಣ್ಣಿಗೆ ಕಾಣುವುದೆಲ್ಲ ಚಂಚಲ. ಬೆಳಗ್ಗೆ ಕೈಗೆಟಕುವಷ್ಟು ಹತ್ತಿರವಿದ್ದ ಶಿಖರ ಮಧ್ಯಾಹ್ನಕ್ಕೆ ಇಲ್ಲವೇ ಇಲ್ಲ. ಬಿಸಿಲೆಂದು ನಂಬಿ ಹೊರಟವನು ಒಂದು ತಿರುವು ದಾಟುವುದರೊಳಗೆ ಕಾವಳದಲ್ಲಿ ಸಿಕ್ಕಿಬೀಳುತ್ತಾನೆ. ಈ ಚಂಚಲತೆಯನ್ನು ಕಾಗದದ ಮೇಲೆ ಹಿಡಿದು ನಿಲ್ಲಿಸಿದ ಕನ್ನಡಿಗರಲ್ಲಿ ಮೊದಲು ನೆನೆಯಬೇಕಾದ ಹೆಸರು ಮೈಸೂರಿನ ಕೆ. ವೆಂಕಟಪ್ಪನವರದು.

ಈ ಕೆಲಸಕ್ಕೆ ಅವರಿಗಿಂತ ಮೊದಲೇ ಕೈಹಾಕಿದವರು ಛಾಯಾಗ್ರಾಹಕರು. ಸ್ಯಾಮ್ಯುಯೆಲ್ ಬೋರ್ನ್ ಎಂಬ ಆಂಗ್ಲನು 1863ರಿಂದ 1866ರೊಳಗೆ ಮೂರು ಸಲ ಹಿಮಾಲಯವನ್ನೇರಿದನು. ಗಾಜಿನ ಫಲಕಗಳು, ರಾಸಾಯನಿಕ ದ್ರವಗಳು, ಕತ್ತಲೆಯ ಗುಡಾರ ಎಲ್ಲವನ್ನೂ ಹತ್ತಾರು ಕೂಲಿಗಳ ಬೆನ್ನಿನ ಮೇಲೆ ಹೊರಿಸಿಕೊಂಡು ಹೋಗಿ, 18,000 ಅಡಿಗೂ ಮೀರಿದ ಮಣಿರಂಗ್ ಘಾಟಿಯಲ್ಲಿ ಚಿತ್ರ ತೆಗೆದನು. ನಮ್ಮ ನೆರೆಯ ನೀಲಗಿರಿಯಲ್ಲಿ ಆಲ್ಬರ್ಟ್ ಪೆನ್ ಎಂಬಾತನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಉದಕಮಂಡಲದಲ್ಲೇ ನೆಲಸಿ ಅಲ್ಲಿನ ಗಿರಿ ಕಣಿವೆಗಳನ್ನು ಚಿತ್ರಿಸಿದನು. ಇವರ ಸಾಹಸ ದೊಡ್ಡದು. ಆದರೆ ಆ ಕಾಲದ ಫಲಕಗಳಿಗೆ ನೀಲಿಯ ಬೆಳಕು ಬಲು ಬೇಗ ತಾಗುತ್ತಿತ್ತು. ನೆಲ ಚೆನ್ನಾಗಿ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶ ಬರಿದೆ ಬೆಳ್ಳಗಾಗಿ ಮೋಡ ಅಳಿಸಿಹೋಗುತ್ತಿತ್ತು. ಮೋಡವನ್ನು ಉಳಿಸಿಕೊಂಡರೆ ನೆಲ ಕಪ್ಪಾಗುತ್ತಿತ್ತು. ಆದುದರಿಂದ ಹವೆ ತಿಳಿಯಾಗುವ ತನಕ ಕಾದು ಕೂರುವುದು ಛಾಯಾಗ್ರಾಹಕನ ಪಾಡಾಗಿತ್ತು. ವೆಂಕಟಪ್ಪನವರ ಚಿತ್ರಗಳನ್ನು ನೋಡಿದರೆ ಅವರು ಕಾದದ್ದು ಬೇರೆ ಬಗೆಯೆಂದು ತೋರುತ್ತದೆ. ಮಂಜು ಸರಿಯಲೆಂದು ಅವರು ಕಾಯಲಿಲ್ಲ. ಮಂಜು ಬರುವುದನ್ನೂ ಸರಿಯುವುದನ್ನೂ ನೋಡಲೆಂದೇ ಕಾದರು.

ವೆಂಕಟಪ್ಪನವರು ಹುಟ್ಟಿದ್ದು 1886ರಲ್ಲಿ, ಮೈಸೂರಿನಲ್ಲಿ, ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರ ಮನೆತನದಲ್ಲಿ. ಅದು ಚಿನ್ನದ ರೇಕು ಹೊದಿಸಿ ದೇವತಾಮೂರ್ತಿಗಳನ್ನು ಬರೆಯುವ ಪರಂಪರೆ. ರೇಖೆಯ ಬಿಗಿ, ಕುಂಚದ ಸೂಕ್ಷ್ಮತೆ, ಕೈಕೆಲಸದ ಶುದ್ಧಿ ಇವು ಅವರಿಗೆ ರಕ್ತಗತವಾಗಿ ಬಂದವು. ಆ ಪರಂಪರೆಯಲ್ಲಿ ಚಿತ್ರಗಾರನು ಸೇವಕ. ಚಿತ್ರದ ಮೂಲೆಯಲ್ಲಿ ತನ್ನ ಹೆಸರು ಬರೆಯಬೇಕೆಂಬುದು ಅವನಿಗೆ ಹೊಳೆಯುತ್ತಿರಲಿಲ್ಲ. ಸೇವಕನ ಮನೆಯಲ್ಲಿ ಹುಟ್ಟಿ ಕಲಾವಿದನಾಗಿ ಬಾಳಬೇಕೆಂದು ಹಟ ತೊಟ್ಟುದೇ ವೆಂಕಟಪ್ಪನವರ ಜೀವನದ ಕಥೆ ಎನ್ನಬಹುದು. ಅವರ ಹಿರಿಮೆಗೂ ಅವರ ನೋವಿಗೂ ಮೂಲ ಈ ಹಟವೇ.

ತರುಣನ ಶಕ್ತಿಯನ್ನು ಗುರುತಿಸಿ ಬೆಳೆಸಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಅರಸರು ಚಿತ್ರಗಾರನಿಗಿಂತ ಎರಡೇ ವರ್ಷ ಹಿರಿಯರು. ಸಂಸ್ಥಾನದ ನೆರವಿನಿಂದ 1909ರಲ್ಲಿ ವೆಂಕಟಪ್ಪನವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬಸು, ಅಸಿತ ಕುಮಾರ ಹಲ್ದಾರ್ ಮೊದಲಾದವರು ಅವರ ಸಹಪಾಠಿಗಳು. ಸೋದರಿ ನಿವೇದಿತಾ ಆರಂಭಿಸಿ ಆನಂದ ಕುಮಾರಸ್ವಾಮಿಯವರು ಪೂರ್ತಿಗೊಳಿಸಿದ ಹಿಂದೂ ಬೌದ್ಧ ಪುರಾಣಕಥೆಗಳ ಗ್ರಂಥ 1913ರಲ್ಲಿ ಹೊರಬಂದಾಗ, ಅದರ ರಾಮಾಯಣಭಾಗಕ್ಕೆ ವೆಂಕಟಪ್ಪನವರ ಚಿತ್ರಗಳು ಸೇರಿದ್ದವು. ಭಾರತೀಯ ಶಿಲ್ಪಶಾಸ್ತ್ರದ ಅಂಗಲಕ್ಷಣಗಳನ್ನು ಕುರಿತು ಅವನೀಂದ್ರನಾಥರು ಬರೆದ ಪುಸ್ತಕಕ್ಕೂ ನಂದಲಾಲರೊಡನೆ ಇವರು ರೇಖಾಚಿತ್ರಗಳನ್ನು ಬರೆದುಕೊಟ್ಟರು.

ಆ ವಂಗ ಸಂಪ್ರದಾಯದ ಒಂದು ವಿಶೇಷವನ್ನು ಇಲ್ಲಿ ಗಮನಿಸಬೇಕು. ಜಪಾನಿನ ಕಲಾವಿದರ ಸಂಪರ್ಕದಿಂದ ಅವನೀಂದ್ರನಾಥರು ರೂಪಿಸಿಕೊಂಡ ವಿಧಾನದಲ್ಲಿ, ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ನೆನೆಸಿ, ಮತ್ತೆ ಬಣ್ಣ ಹಚ್ಚಿ, ಮತ್ತೆ ನೆನೆಸುತ್ತಾರೆ. ಅಂಚುಗಳು ಕರಗಿ ಚಿತ್ರವೆಲ್ಲ ಒಂದು ಮಸುಕಿನಲ್ಲಿ ತೇಲುತ್ತದೆ. ಅಲ್ಲಿ ಮಂಜೆಂಬುದು ಒಂದು ತಂತ್ರ. ಕನಸಿನ ವಾತಾವರಣವನ್ನು ಸೃಷ್ಟಿಸುವ ಉಪಾಯ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ವೆಂಕಟಪ್ಪನವರು ಮುಂದೆ ಬೆಟ್ಟದಲ್ಲಿ ಮಾಡಿದ್ದೇನೆಂಬುದು ಸ್ಪಷ್ಟವಾಗುತ್ತದೆ.

1916ರಲ್ಲಿ ಅವರು ಮೈಸೂರಿಗೆ ಮರಳಿದರು. ಕಲ್ಕತ್ತೆಯಲ್ಲಿ ನಿಂತಿದ್ದರೆ ದೊಡ್ಡ ಹೆಸರು ಕಾದಿತ್ತು. ಅವರು ಊರನ್ನೇ ಆರಿಸಿಕೊಂಡರು. ಬಂದವರು ಚಿತ್ರವನ್ನು ಬದಿಗಿಟ್ಟರೇನೋ ಎಂಬಂತೆ ವೀಣೆಗೆ ಮನಸೋತರು. ವೀಣೆ ಶೇಷಣ್ಣನವರ ಬಳಿ ಶಿಷ್ಯವೃತ್ತಿ ಕೈಗೊಂಡು ವರ್ಷಗಟ್ಟಲೆ ಸಾಧನೆ ಮಾಡಿದರು. ವೀಣೆಯ ಹುಚ್ಚು ಹಿಡಿದ ತಮ್ಮನ್ನೇ ವಿಷಯವಾಗಿಟ್ಟುಕೊಂಡು ಒಂದು ಚಿತ್ರವನ್ನೂ ಬರೆದರು. ಮದುವೆಯಾಗಲಿಲ್ಲ. ಕಟ್ಟುನಿಟ್ಟಾದ ದಿನಚರಿ, ತಪ್ಪದೆ ಬರೆಯುತ್ತಿದ್ದ ದಿನಚರಿಪುಸ್ತಕ, ಮಿತವಾದ ಸಂಗ ಹೀಗೆ ಅವರ ಬದುಕು ತಪಸ್ವಿಯ ಬದುಕಾಯಿತು. ವೀಣೆಗೆ ಕಳೆದ ಕಾಲ ಚಿತ್ರಕ್ಕೆ ನಷ್ಟವಾಯಿತೆಂದು ಹೇಳುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ನಡುವೆ ಕೇಳುವ ಸೂಕ್ಷ್ಮ ನಾದವನ್ನು ಕಿವಿಯಲ್ಲಿ ಹಿಡಿಯಬಲ್ಲವನೇ ಬೂದಿಯಿಂದ ನೀಲಿಗೆ ಜಾರುವ ಬೆಳಕನ್ನು ಕಣ್ಣಿನಲ್ಲಿ ಹಿಡಿಯಬಲ್ಲ.

1920ರ ದಶಕದ ನಡುಭಾಗದಿಂದ ಮುಂದಿನ ದಶಕದವರೆಗೆ ಅವರು ಬರೆದ ಉದಕಮಂಡಲ ಮತ್ತು ಕೊಡೈಕಾನಲ್‌ಗಳ ಜಲವರ್ಣ ಚಿತ್ರಗಳೇ ಇದಕ್ಕೆ ಸಾಕ್ಷಿ. ಮೈಸೂರಿನಿಂದ ಉದಕಮಂಡಲಕ್ಕೆ ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ, ಗೂಡಲೂರುಗಳ ಮೇಲೆ ಸುಮಾರು 160 ಕಿಲೊಮೀಟರು. ಈ ದಾರಿಯಲ್ಲಿ ಹೋದವರಿಗೆ ಅದರ ವಿಚಿತ್ರ ತಿಳಿದೇ ಇದೆ. ಗುಂಡ್ಲುಪೇಟೆಯ ಬಯಲಿನಲ್ಲಿ ಮಳೆಗಾಗಿ ಬಾಯ್ದೆರೆದ ಹೊಲ; ಗೂಡಲೂರು ಮುಟ್ಟುವ ವೇಳೆಗೆ ಮುಂಗಾರಿನ ಸುರಿಮಳೆ; ನಡುವಟ್ಟಂ ಏರಿ ಪೈಕಾರ ದಾಟಿದರೆ ಮಳೆ ನಿಂತು, ಮುಂದಿನ ಮರವೂ ಕಾಣದ ಮಂಜು. ಮೈಸೂರಿನಿಂದ ಹೊರಟವನು ಹೆಚ್ಚುಕಡಮೆ ಒಂದೂವರೆ ಸಾವಿರ ಮೀಟರು ಮೇಲೇರಿರುತ್ತಾನೆ. ಉದಕಮಂಡಲದ ಎತ್ತರ 2,240 ಮೀಟರು. ಪಕ್ಕದ ದೊಡ್ಡಬೆಟ್ಟದ್ದು 2,637. ನೀಲಗಿರಿ ನೈರುತ್ಯ, ಈಶಾನ್ಯ ಎರಡು ಮಾರುತಗಳಿಗೂ ಮೈಯೊಡ್ಡಿ ನಿಂತಿದೆ. ಒಂದು ಮಗ್ಗುಲಿನಲ್ಲಿ ಮಳೆಯಿದ್ದಾಗ ಇನ್ನೊಂದು ಮಗ್ಗುಲಿನಲ್ಲಿ ಬಿಸಿಲು. ಇಂಥಲ್ಲಿ ನಾಳಿನ ಹವೆಯಿರಲಿ, ಇನ್ನೊಂದು ಗಳಿಗೆಯ ಹವೆಯನ್ನೂ ಯಾರೂ ಹೇಳಲಾರರು.

ಜಲವರ್ಣದವನಿಗೆ ಈ ಹವೆ ಎರಡು ಬಗೆಯ ಶತ್ರು. ಮೊದಲನೆಯದು, ತೇವದ ಗಾಳಿಯಲ್ಲಿ ಕಾಗದ ಒಣಗದು. ಒಂದು ಲೇಪ ಒಣಗದೆ ಮೇಲೊಂದು ಹಚ್ಚಿದರೆ ಬಣ್ಣ ಕದಡಿ ಕೆಸರಾಗುತ್ತದೆ. ಎರಡನೆಯದು, ಅದು ಒಣಗುವವರೆಗೆ ಎದುರಿನ ದೃಶ್ಯ ನಿಲ್ಲುವುದಿಲ್ಲ. ಆದುದರಿಂದ ಚಿತ್ರಕಾರನು ಕಂಡದ್ದನ್ನು ನೆನಪಿನಲ್ಲಿ ಅಚ್ಚೊತ್ತಿಕೊಳ್ಳಬೇಕು. ಯಾವ ಹೊತ್ತಿನ ಯಾವ ಬೆಳಕು ತನಗೆ ಬೇಕೆಂದು ನಿಶ್ಚಯಿಸಿ, ಆಮೇಲೆ ಬಂದ ಹೊಸ ಸೊಬಗುಗಳಿಗೆ ಮರುಳಾಗದೆ ಇರಬೇಕು. ವೆಂಕಟಪ್ಪನವರ ಚಿತ್ರಗಳಲ್ಲಿ ಈ ಸಂಯಮ ಎದ್ದು ಕಾಣುತ್ತದೆ. ಬೆಳದಿಂಗಳಿನ ಉದಕಮಂಡಲ ಒಂದರಲ್ಲಿ. ಮಳೆಮೋಡ ಒಡೆದು ಚೆದುರುವ ಹೊತ್ತು ಇನ್ನೊಂದರಲ್ಲಿ. ಕೊಡೈಕಾನಲಿನ ಕೆರೆಯ ನೋಟ ಮತ್ತೊಂದರಲ್ಲಿ. ಮನುಷ್ಯರಿಗೆ ಇಲ್ಲಿ ಪ್ರಾಧಾನ್ಯವಿಲ್ಲ. ಕಥೆಯಿಲ್ಲ, ಪುರಾಣವಿಲ್ಲ. ಇಂತಹ ಎಡೆಯಲ್ಲಿ ಇಂತಹ ಗಳಿಗೆಯಲ್ಲಿ ಬೆಳಕು ಹೀಗಿತ್ತು ಎಂಬುದಷ್ಟೇ ವಸ್ತು.

ಗುರುವಿನ ವಿಧಾನದಿಂದ ಶಿಷ್ಯನು ಬೇರೆಯಾದದ್ದು ಇಲ್ಲಿಯೇ. ಕಲ್ಕತ್ತೆಯಲ್ಲಿ ಕಲಿತ ಮಸುಕನ್ನು ಅವರು ನೀಲಗಿರಿಯ ಮೇಲೆ ಹೇರಲಿಲ್ಲ. ಮಂಜನ್ನು ಸ್ಪಷ್ಟವಾಗಿ ನೋಡಿದರು. ಅದು ಎಲ್ಲಿ ತೆಳು, ಎಲ್ಲಿ ದಟ್ಟ, ಯಾವ ಮರವನ್ನು ಮುಚ್ಚಿ ಯಾವುದನ್ನು ಬಿಟ್ಟಿದೆ ಎಂಬುದನ್ನು ಚಿನ್ನದ ರೇಕಿನ ಕೆಲಸಗಾರನ ನಿಷ್ಠೆಯಿಂದ ಬರೆದರು. ತಂತ್ರವಾಗಿದ್ದ ಮಂಜು ಅವರ ಕೈಯಲ್ಲಿ ಸತ್ಯವಾಯಿತು. ಕ್ಯಾಮರಾದ ಕಣ್ಣಿನ ನಿಖರತೆ, ಅಂದಿನ ಕ್ಯಾಮರಾ ಹಿಡಿಯಲಾರದ ಬಣ್ಣ ಎರಡೂ ಅಲ್ಲಿ ಕೂಡಿದವು.

ಕೃಷ್ಣರಾಜನಗರದ ನಮಗೆ ಈ ಚಿತ್ರಗಳು ಇನ್ನೊಂದು ಕಾರಣಕ್ಕೂ ಹತ್ತಿರವೆನಿಸಬೇಕು. 1924ರ ಮುಂಗಾರಿನಲ್ಲಿ ಕಾವೇರಿ ಉಕ್ಕಿ ಹರಿದ ಕಥೆ ನದೀತೀರದವರಿಗೆಲ್ಲ ಗೊತ್ತು. ಪ್ರವಾಹದ ಬಾಧೆಗೆ ಸಿಕ್ಕ ಎಡತೊರೆಯ ಜನಕ್ಕಾಗಿ 1925ರಿಂದ 1930ರ ಸುಮಾರಿಗೆ ಕಟ್ಟಿದ ಹೊಸ ಊರಿಗೆ ನಾಲ್ವಡಿಯವರ ಹೆಸರೇ ಬಂತು. ಹಳೆಯ ಎಡತೊರೆಯ ಅರ್ಕೇಶ್ವರನ ಗುಡಿ ಇಂದಿಗೂ ಹೊಳೆಯ ದಂಡೆಯಲ್ಲಿದೆ. ಅದೇ ವರ್ಷಗಳಲ್ಲಿ ಅದೇ ಅರಸರ ಆಶ್ರಯದ ಚಿತ್ರಗಾರನು ಮುಂಗಾರಿನ ಇನ್ನೊಂದು ಮುಖವನ್ನು ಬೆಟ್ಟದ ಮೇಲೆ ಬರೆಯುತ್ತಿದ್ದನು. ಮಳೆ ಊರನ್ನು ಎಬ್ಬಿಸಿತು, ಚಿತ್ರವನ್ನೂ ಬರೆಸಿತು.

ಆದರೆ ಬೆಟ್ಟದ ಹವೆಗಿಂತಲೂ ಆಸ್ಥಾನದ ಹವೆ ಚಂಚಲ. ಮೈಸೂರಿನ ಅಂಬಾವಿಲಾಸ ಅರಮನೆಗಾಗಿ ವೆಂಕಟಪ್ಪನವರು ಗಚ್ಚಿನ ಉಬ್ಬುಶಿಲ್ಪಗಳನ್ನು ರಚಿಸುತ್ತಿದ್ದರು. 1940ರ ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡರು. ಕಲಾವಿದನಿಗೂ ಅರಮನೆಗೂ ಇದ್ದ ಸಂಬಂಧ ಅಲ್ಲಿಗೆ ಕಡಿಯಿತು. ಆಗಿದ್ದ ಕೆಲಸದ ಬೆಲೆಯ ಪ್ರಶ್ನೆ ವ್ಯಾಜ್ಯವಾಗಿ ನ್ಯಾಯಾಲಯದವರೆಗೆ ಹೋಯಿತು. ಅವರು ಬಯಸಿದ ನ್ಯಾಯ ಅಲ್ಲಿ ದೊರೆಯಲಿಲ್ಲ. ಚಿತ್ರಗಾರರ ಮನೆಯವನು ಅರಮನೆಯೊಡನೆ ವ್ಯಾಜ್ಯಕ್ಕೆ ನಿಲ್ಲುವುದೆಂದರೆ ಅವರ ಹಿರಿಯರ ಕಾಲದಲ್ಲಿ ಊಹೆಗೂ ನಿಲುಕದ ಮಾತು. ಅವರು ಕೇಳಿದ್ದು ಕೇವಲ ಹಣವನ್ನಲ್ಲ, ಕಲಾವಿದನ ಕೆಲಸವನ್ನು ಕೂಲಿಯ ಲೆಕ್ಕದಲ್ಲಿ ಅಳೆಯಬಾರದೆಂಬ ತತ್ತ್ವವನ್ನು ಎಂದು ನನ್ನ ನಂಬಿಕೆ. ಮಂಜಿನ ಮುಂದೆ ಅಷ್ಟು ತಾಳ್ಮೆಯಿಂದ ಕುಳಿತವರು ಮನುಷ್ಯರ ಮುಂದೆ ಬಾಗಲಾರದೆ ಹೋದರು. ಅದನ್ನು ದೋಷವೆಂದರೂ ಸರಿಯೆ, ಗುಣವೆಂದರೂ ಸರಿಯೆ.

ಮೈಸೂರನ್ನು ಬಿಟ್ಟು ಬೆಂಗಳೂರಿಗೆ ಬಂದ ವೆಂಕಟಪ್ಪನವರು ಉಳಿದ ದಿನಗಳನ್ನು ಒಂಟಿಯಾಗಿ ಕಳೆದು 1965ರಲ್ಲಿ ತೀರಿಕೊಂಡರು. ಅವರ ಹೆಸರಿನ ಚಿತ್ರಶಾಲೆ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ವಸ್ತುಸಂಗ್ರಹಾಲಯದ ಪಕ್ಕದಲ್ಲಿ, 1970ರ ದಶಕದಲ್ಲಿ ತೆರೆಯಿತು. ಬೆಟ್ಟದ ಚಿತ್ರಗಳು ಆ ಸಂಗ್ರಹಕ್ಕೆ ಸೇರಿವೆ. ಇಂದು ಯಾರ ಕೈಯಲ್ಲಾದರೂ ಬಣ್ಣ ಹಿಡಿಯುವ ಕ್ಯಾಮರಾ ಇದೆ. ಉದಕಮಂಡಲದ ತಿರುವಿನಲ್ಲಿ ಮಂಜು ಕಂಡೊಡನೆ ಒಂದು ಗುಂಡಿ ಒತ್ತಿ ನಾವು ಮುಂದೆ ಸಾಗುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮ ವಿದ್ಯಾರ್ಥಿಗಳು ಬೆಂಗಳೂರಿಗೆ ಹೋದಾಗ ಒಂದು ಗಂಟೆಯನ್ನು ಆ ಚಿತ್ರಗಳಿಗೆ ಮೀಸಲಿಡಲಿ. ಹವೆ ಕೆಟ್ಟಿತೆಂದು ನಾವು ಶಪಿಸುವ ಗಳಿಗೆಯನ್ನೇ ನೋಡತಕ್ಕ ಗಳಿಗೆಯೆಂದು ತಿಳಿದು ಅಲ್ಲೇ ನಿಂತವರೊಬ್ಬರು ನಮ್ಮ ಸೀಮೆಯಲ್ಲಿದ್ದರು.