ಜಿಮ್ ವಾಕರ್

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಆದುದರಿಂದಲೇ ವಾಕರನ ಬಾಳು ನನ್ನನ್ನು ಸೆಳೆಯಿತು.

ಅಮೆರಿಕದ ಪೋರ್ಟ್‌ಲೆಂಡ್ ನಗರದ ಈತನು ಆಟಿಕೆ ವಿಮಾನಗಳನ್ನು ತಯಾರಿಸಿ ಮಾರುತ್ತಿದ್ದನು. 1940ರಲ್ಲಿ ಈತನ ‘ಫೈರ್‌ಬಾಲ್’ ಮಾದರಿಯು ಹೊರಬಂದಿತು. ಕೈಹಿಡಿಯಿಂದ ಹೊರಟ ಎರಡು ತಂತಿಗಳು ಅದರ ಬಾಲದ ಪಟ್ಟಿಯನ್ನು ಮೇಲಕ್ಕೂ ಕೆಳಕ್ಕೂ ತಿರುಗಿಸುತ್ತಿದ್ದವು. ಮಣಿಕಟ್ಟು ಬಾಗಿದರೆ ಸಾಕು, ಸುತ್ತುತ್ತಿದ್ದ ವಿಮಾನವು ಏರುತ್ತಿತ್ತು, ಇಳಿಯುತ್ತಿತ್ತು. ಎರಡು ಕೈಗಳಿಂದ ಎರಡನ್ನು, ತಲೆಗೆ ಕಟ್ಟಿದ ಹಿಡಿಯಿಂದ ಮೂರನೆಯದನ್ನು, ಹೀಗೆ ಮೂರನ್ನೂ ಏಕಕಾಲದಲ್ಲಿ ಹಾರಿಸಿ ಜನರನ್ನು ಬೆರಗುಗೊಳಿಸಿದನು.

1955ರಲ್ಲಿ ಕಾಕ್ಸ್ ಎಂಬ ತಯಾರಕನ ಮೇಲೆ ದಾವೆ ಹೂಡಿ, ಪೇಟೆಂಟ್ ಹಕ್ಕನ್ನೇ ಕಳೆದುಕೊಂಡನು. ಓಬಾ ಸೇಂಟ್ ಕ್ಲೇರನು ಮೊದಲೇ ತಂತಿಯಿಂದ ವಿಮಾನ ಹಾರಿಸಿದ್ದನೆಂದು ರುಜುವಾತಾಯಿತು. 1958ರಲ್ಲಿ ವಾಕರನು ತೀರಿಕೊಂಡನು.

ಮೊದಲಿಗನೆಂಬ ಹೆಸರು ಹೋಯಿತು. ಆದರೂ ಆ ವಿದ್ಯೆಯನ್ನು ಊರೂರಿನ ಹುಡುಗರ ಕೈಗೆ ಮುಟ್ಟಿಸಿದವನು ಆತನೇ. ನನ್ನ ತಂಗಿ ಈ ವರ್ಷ ಕಾಲೇಜು ಸೇರಿದ್ದಾಳೆ. ನನ್ನ ಪುಸ್ತಕಗಳನ್ನೆಲ್ಲ ಅವಳಿಗೆ ಕೊಟ್ಟಿದ್ದೇನೆ.