ಅನ್ನಾ ಲಿಯೊನೊವೆನ್ಸ್

ಅನ್ನಾ ಹ್ಯಾರಿಯೆಟ್ ಲಿಯೊನೊವೆನ್ಸ್ (ನವೆಂಬರ್ 1831 – 19 ಜನವರಿ 1915) ಒಬ್ಬ ಶಿಕ್ಷಕಿ, ಪ್ರವಾಸಿ ಹಾಗೂ ಲೇಖಕಿ. ಸಯಾಮ್ ದೇಶದ (ಇಂದಿನ ಥಾಯ್ಲೆಂಡ್) ದೊರೆ ಮೊಂಗ್‌ಕುಟ್ ಅವರ ಅರಮನೆಯಲ್ಲಿ 1862ರಿಂದ 1867ರವರೆಗೆ ರಾಜಕುಮಾರ, ರಾಜಕುಮಾರಿಯರಿಗೆ ಇಂಗ್ಲಿಷ್ ಕಲಿಸಿದವರೆಂದು ಇವರು ಪ್ರಸಿದ್ಧರಾಗಿದ್ದಾರೆ. ಇವರ ಬರಹಗಳನ್ನು ಆಧರಿಸಿ 20ನೆಯ ಶತಮಾನದಲ್ಲಿ ಕಾದಂಬರಿ, ಸಂಗೀತ ನಾಟಕ ಮತ್ತು ಚಲನಚಿತ್ರಗಳು ಬಂದವು. ಇವರು ತಮ್ಮ ಹುಟ್ಟು ಮತ್ತು ಮನೆತನದ ಬಗ್ಗೆ ಹೇಳಿಕೊಂಡ ವಿವರಗಳಲ್ಲಿ ಬಹುಪಾಲು ಕಲ್ಪಿತವೆಂಬುದು ಇವರು ತೀರಿಕೊಂಡು ಅರವತ್ತು ವರ್ಷ ಕಳೆದ ಮೇಲೆ ಬೆಳಕಿಗೆ ಬಂದಿತು. ಭಾರತದಲ್ಲಿ ಬಡ ಸೈನಿಕ ಕುಟುಂಬವೊಂದರಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲಿಯೇ ವಿಧವೆಯಾಗಿ, ಪಾಠ ಹೇಳಿ ಇಬ್ಬರು ಮಕ್ಕಳನ್ನು ಸಾಕಿದ ಈ ಮಹಿಳೆಯ ನಿಜವಾದ ಜೀವನ, ಅವರೇ ಕಟ್ಟಿದ ಕಥೆಗಿಂತ ಕಠಿಣವಾದದ್ದಾಗಿತ್ತು.

ಜನನ ಮತ್ತು ಬಾಲ್ಯ

ಅನ್ನಾ ಅವರು ಅಂದಿನ ಬೊಂಬಾಯಿ ಪ್ರಾಂತಕ್ಕೆ ಸೇರಿದ ಅಹಮದ್‌ನಗರದಲ್ಲಿ ಜನಿಸಿದರು. ತಂದೆ ಥಾಮಸ್ ಎಡ್ವರ್ಡ್ಸ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಸಾರ್ಜೆಂಟ್ ಆಗಿದ್ದರು. ಸೈನ್ಯಕ್ಕೆ ಸೇರುವ ಮೊದಲು ಅವರದು ಮರಗೆಲಸದ ವೃತ್ತಿ. ಮಗಳು ಹುಟ್ಟುವ ಕೆಲವೇ ತಿಂಗಳ ಮುಂಚೆ ಅವರು ತೀರಿಕೊಂಡರು. ತಾಯಿ ಮೇರಿ ಆ್ಯನ್ ಗ್ಲಾಸ್ಕಾಟ್ ಬೊಂಬಾಯಿ ಸೈನ್ಯದ ಅಧಿಕಾರಿಯೊಬ್ಬರ ಮಗಳು. ಮೇರಿಯವರ ತಾಯಿ ಭಾರತೀಯಳು ಅಥವಾ ಮಿಶ್ರ ಮೂಲದವಳು ಆಗಿದ್ದಿರಬೇಕೆಂದು ಸಂಶೋಧಕರು ಅಭಿಪ್ರಾಯಪಡುತ್ತಾರೆ. ಎರಡು ಹೆಣ್ಣುಮಕ್ಕಳೊಡನೆ ಉಳಿದ ಮೇರಿ, ಪ್ಯಾಟ್ರಿಕ್ ಡೊನೊಹೊ ಎಂಬ ಐರಿಷ್ ಸೈನಿಕನನ್ನು ಮರುಮದುವೆಯಾದರು.

ಕಂಪನಿಯ ದಂಡುಪ್ರದೇಶಗಳಲ್ಲಿ ಸಾಮಾನ್ಯ ಸಿಪಾಯಿಯ ಮಕ್ಕಳಿಗೆ, ಅದರಲ್ಲಿಯೂ ಮಿಶ್ರ ಮೂಲದ ಹೆಣ್ಣುಮಕ್ಕಳಿಗೆ, ಮುಂದಿನ ದಾರಿ ತೀರ ಇಕ್ಕಟ್ಟಾಗಿತ್ತು. ಹದಿಹರೆಯದಲ್ಲಿಯೇ ಯಾರಾದರೂ ಸೈನಿಕನ ಕೈಹಿಡಿಯುವುದು ರೂಢಿ. ಅನ್ನಾ ಅವರ ಅಕ್ಕ ಎಲೈಜಾಗೆ ಇನ್ನೂ ಹದಿನಾರು ತುಂಬುವ ಮೊದಲೇ ವಿವಾಹವಾಯಿತು. ಅನ್ನಾ ಮಾತ್ರ ಓದಿನ ಕಡೆಗೆ ಒಲಿದರು. ಮರಾಠಿ, ಹಿಂದುಸ್ತಾನಿ ಮೊದಲಾದ ಭಾಷೆಗಳು ಸುತ್ತಲಿನ ಬೀದಿಗಳಲ್ಲಿ ಆಡುತ್ತಿದ್ದವು. ಹೊಸ ಭಾಷೆಯನ್ನು ಬೇಗ ಕಲಿಯುವ ಈ ಶಕ್ತಿ ಮುಂದೆ ಅವರ ಬದುಕಿಗೆ ದೊಡ್ಡ ಆಸರೆಯಾಯಿತು.

ವಿವಾಹ ಮತ್ತು ಅಲೆದಾಟ

1849ರ ಡಿಸೆಂಬರ್‌ನಲ್ಲಿ ಪುಣೆಯಲ್ಲಿ ಅನ್ನಾ ಅವರು ಥಾಮಸ್ ಲಿಯೊನ್ ಓವೆನ್ಸ್ ಎಂಬ ಗುಮಾಸ್ತನನ್ನು ಮದುವೆಯಾದರು. ಈತ ಐರ್ಲೆಂಡಿನ ವೆಕ್ಸ್‌ಫರ್ಡ್ ಪ್ರಾಂತದವನು. ಈತನ ನಡುಹೆಸರು ಮತ್ತು ಕುಲನಾಮಗಳು ಕೂಡಿಕೊಂಡು ಕಾಲಕ್ರಮದಲ್ಲಿ ಲಿಯೊನೊವೆನ್ಸ್ ಎಂಬ ಹೆಸರು ರೂಢಿಗೆ ಬಂದಿತು. ದಂಪತಿಗಳ ಮೊದಲ ಮಗಳು ಶಿಶುವಾಗಿದ್ದಾಗಲೇ ತೀರಿಕೊಂಡಳು.

ಉತ್ತಮ ಜೀವನವನ್ನು ಅರಸಿ ಕುಟುಂಬವು 1852ರಲ್ಲಿ ಭಾರತವನ್ನು ಬಿಟ್ಟು ಸಿಂಗಾಪುರದ ಮಾರ್ಗವಾಗಿ ಆಸ್ಟ್ರೇಲಿಯಾಕ್ಕೆ ಹೊರಟಿತು. ಹಡಗಿನ ಪ್ರಯಾಣದಲ್ಲಿಯೇ ಅನ್ನಾ ಅವರಿಗೆ ಗಂಡುಮಗು ಜನಿಸಿತು. 1853ರ ಮಾರ್ಚ್‌ನಲ್ಲಿ ಅವರು ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ತಲುಪಿದರು. ಆ ಮಗುವೂ ಹೆಚ್ಚು ಕಾಲ ಬದುಕಲಿಲ್ಲ. ಪರ್ತ್‌ನಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಯೊಂದನ್ನು ನಡೆಸಲು ಅನ್ನಾ ಪ್ರಯತ್ನಿಸಿದರು. ಶಿಕ್ಷಕವೃತ್ತಿಯಲ್ಲಿ ಅವರ ಮೊದಲ ಹೆಜ್ಜೆ ಇದೇ. ಥಾಮಸ್ ಗುಮಾಸ್ತನಾಗಿ ದುಡಿದು, ಅನಂತರ ಲಿಂಟನ್ ಎಂಬಲ್ಲಿದ್ದ ಕೈದಿಗಳ ಶಿಬಿರದ ಉಗ್ರಾಣದಲ್ಲಿ ಕೆಲಸ ಮಾಡಿದನು. 1854ರಲ್ಲಿ ಮಗಳು ಏವಿಸ್, 1856ರಲ್ಲಿ ಮಗ ಲೂಯಿಸ್ ಜನಿಸಿದರು. ಈ ದಂಪತಿಗಳಿಗೆ ಉಳಿದ ಮಕ್ಕಳು ಇವರಿಬ್ಬರೇ.

1857ರಲ್ಲಿ ಕುಟುಂಬವು ಆಸ್ಟ್ರೇಲಿಯಾವನ್ನು ತೊರೆದು ಮಲಯ ಪರ್ಯಾಯ ದ್ವೀಪದ ಕಡೆಗೆ ಬಂದಿತು. ಪೆನಾಂಗ್‌ನಲ್ಲಿ ಥಾಮಸ್‌ಗೆ ಹೋಟೆಲೊಂದನ್ನು ನೋಡಿಕೊಳ್ಳುವ ಕೆಲಸ ದೊರೆಯಿತು. 1859ರ ಮೇ ತಿಂಗಳಿನಲ್ಲಿ ಆತ ಅಲ್ಲಿಯೇ ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡನು. ಜಾರ್ಜ್ ಟೌನಿನ ಪ್ರಾಟೆಸ್ಟಂಟ್ ಸ್ಮಶಾನದಲ್ಲಿ ಆತನ ಸಮಾಧಿಯಿದೆ. ಆಗ ಅನ್ನಾ ಅವರಿಗೆ ಇಪ್ಪತ್ತೇಳು ವರ್ಷ, ಮಕ್ಕಳಿಗೆ ನಾಲ್ಕು ಮತ್ತು ಎರಡು. ಕೈಯಲ್ಲಿ ಆಸ್ತಿಯಿರಲಿಲ್ಲ.

ಸಿಂಗಾಪುರದಲ್ಲಿ ಹೊಸ ಗುರುತು

ವಿಧವೆಯಾದ ಅನ್ನಾ ಸಿಂಗಾಪುರಕ್ಕೆ ಬಂದು ಬ್ರಿಟಿಷ್ ಅಧಿಕಾರಿಗಳ ಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದರು. ಅಧಿಕಾರಿಯೊಬ್ಬ ತನ್ನ ಮಕ್ಕಳನ್ನು ಕಳುಹಿಸುವ ಮುನ್ನ ಶಿಕ್ಷಕಿಯ ಮನೆತನವನ್ನು ವಿಚಾರಿಸುತ್ತಿದ್ದ ಕಾಲವದು. ದಂಡಿನಲ್ಲಿ ಬೆಳೆದ ಸಾರ್ಜೆಂಟನ ಮಗಳು, ಹೋಟೆಲ್ ನೋಡಿಕೊಳ್ಳುತ್ತಿದ್ದವನ ವಿಧವೆ ಎಂದು ಹೇಳಿಕೊಂಡಿದ್ದರೆ ಶಾಲೆ ನಡೆಯುತ್ತಿರಲಿಲ್ಲ. ಅನ್ನಾ ಅವರು ಮೆಲ್ಲಮೆಲ್ಲನೆ ಬೇರೊಂದು ಚರಿತ್ರೆಯನ್ನು ಕಟ್ಟಿಕೊಂಡರು. ಅದರ ಪ್ರಕಾರ ಅವರು ಹುಟ್ಟಿದ್ದು 1834ರಲ್ಲಿ, ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ. ತಂದೆ ಭಾರತದಲ್ಲಿ ಹೋರಾಡುತ್ತ ಮಡಿದ ಕ್ಯಾಪ್ಟನ್ ಕ್ರಾಫರ್ಡ್. ಗಂಡ ಹುಲಿಬೇಟೆಯ ಸಮಯದಲ್ಲಿ ಬಿಸಿಲಿನ ಹೊಡೆತಕ್ಕೆ ಸಿಕ್ಕಿ ಸತ್ತ ಸೇನಾಧಿಕಾರಿ. ಈ ಕಥೆಗೆ ಅಡ್ಡಿಯಾಗದಂತೆ ಅವರು ಅಕ್ಕನ ಕುಟುಂಬದೊಡನೆ ಸಂಬಂಧವನ್ನೂ ಕಡಿದುಕೊಂಡರು. ಹಾಲಿವುಡ್‌ನ ಪ್ರಸಿದ್ಧ ನಟ ಬೋರಿಸ್ ಕಾರ್ಲಾಫ್ ಆ ಅಕ್ಕನ ಮಗಳ ಮಗ.

ಸಯಾಮಿನ ಅರಮನೆಯಲ್ಲಿ

ಸಯಾಮಿನ ದೊರೆ ಮೊಂಗ್‌ಕುಟ್ (ನಾಲ್ಕನೆಯ ರಾಮ) 1804ರಲ್ಲಿ ಜನಿಸಿದರು. ಸಿಂಹಾಸನವೇರುವ ಮುನ್ನ 27 ವರ್ಷ ಬೌದ್ಧ ಭಿಕ್ಷುವಾಗಿದ್ದು ಪಾಳಿ ಭಾಷೆಯಲ್ಲಿ ಪಾಂಡಿತ್ಯ ಪಡೆದಿದ್ದರು. ಲ್ಯಾಟಿನ್, ಇಂಗ್ಲಿಷ್ ಮತ್ತು ಖಗೋಳಶಾಸ್ತ್ರವನ್ನೂ ಅಭ್ಯಾಸ ಮಾಡಿದ್ದರು. ಸುತ್ತಲಿನ ದೇಶಗಳು ಒಂದೊಂದಾಗಿ ಯುರೋಪಿನವರ ವಶವಾಗುತ್ತಿದ್ದ ಕಾಲದಲ್ಲಿ ಇಂಗ್ಲಿಷ್ ಅರಿವು ರಾಜ್ಯದ ಉಳಿವಿಗೆ ಅಗತ್ಯವೆಂದು ಅವರು ಬಗೆದಿದ್ದರು. ಅದಕ್ಕೆ ಮುಂಚೆ ಅಮೆರಿಕದ ಮಿಷನರಿಗಳ ಪತ್ನಿಯರು ಅಂತಃಪುರದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಆದರೆ ಪಾಠದ ಜೊತೆಗೆ ಮತಪ್ರಚಾರವೂ ನಡೆಯುತ್ತಿದ್ದುದು ದೊರೆಗೆ ಒಪ್ಪಿಗೆಯಾಗಲಿಲ್ಲ. ಸಿಂಗಾಪುರದಲ್ಲಿ ಸಯಾಮಿನ ಪ್ರತಿನಿಧಿಯಾಗಿದ್ದ ಚೀನೀ ವರ್ತಕ ಟಾನ್ ಕಿಮ್ ಚಿಂಗ್ ಅವರ ಮೂಲಕ ಅನ್ನಾ ಅವರಿಗೆ ಕರೆ ಬಂದಿತು. ಭಾಷೆ, ವಿಜ್ಞಾನ ಮತ್ತು ಸಾಹಿತ್ಯವನ್ನು ಮಾತ್ರ ಕಲಿಸಬೇಕು, ಮತಾಂತರಕ್ಕೆ ಯತ್ನಿಸಬಾರದು ಎಂಬುದು ದೊರೆಯ ಷರತ್ತು.

1862ರಲ್ಲಿ ಏಳು ವರ್ಷದ ಏವಿಸ್‌ಳನ್ನು ಇಂಗ್ಲೆಂಡಿನ ವಸತಿಶಾಲೆಗೆ ಕಳುಹಿಸಿ, ಐದು ವರ್ಷದ ಲೂಯಿಸ್‌ನೊಡನೆ ಅನ್ನಾ ಬ್ಯಾಂಕಾಕಿಗೆ ಹೊರಟರು. ತಾಯಿ ಮಗಳು ಮತ್ತೆ ಒಂದಾದುದು ಐದು ವರ್ಷಗಳ ಅನಂತರ. ಗಂಡುಮಗು ತಾಯಿಯ ಜೊತೆಗೆ ಅರಮನೆಯಲ್ಲಿ ರಾಜಕುಮಾರರೊಡನೆ ಆಡಿ ಬೆಳೆಯಿತು, ಥಾಯ್ ಭಾಷೆಯನ್ನು ಸರಾಗವಾಗಿ ಕಲಿಯಿತು.

ಮೊಂಗ್‌ಕುಟ್ ಅವರಿಗೆ ಒಟ್ಟು 82 ಮಕ್ಕಳಿದ್ದರು. ಅವರಲ್ಲಿ ಓದುವ ವಯಸ್ಸಿನವರೂ ಅಂತಃಪುರದ ಕೆಲವು ಸ್ತ್ರೀಯರೂ ಅನ್ನಾ ಅವರ ವಿದ್ಯಾರ್ಥಿಗಳಾದರು. 1853ರಲ್ಲಿ ಜನಿಸಿದ ರಾಜಕುಮಾರ ಚುಲಲಾಂಗ್‌ಕಾರ್ನ್ ಈ ಗುಂಪಿನಲ್ಲಿ ಮುಖ್ಯರು. ಪಾಠದ ಜೊತೆಗೆ ದೊರೆಯ ಇಂಗ್ಲಿಷ್ ಪತ್ರವ್ಯವಹಾರಕ್ಕೆ ನೆರವಾಗುವ ಕೆಲಸವೂ ಕ್ರಮೇಣ ಅನ್ನಾ ಅವರ ಪಾಲಿಗೆ ಬಂದಿತು. ಇದರಿಂದ ದುಡಿಮೆ ಹೆಚ್ಚಾಯಿತು, ದೊರೆಯೊಡನೆ ಭಿನ್ನಾಭಿಪ್ರಾಯಗಳೂ ಉಂಟಾದವು. ಆರೋಗ್ಯ ಕೆಟ್ಟುದರಿಂದ ಅವರು 1867ರಲ್ಲಿ ರಜೆ ಪಡೆದು ಹೊರಟರು.

ಹೊಸ ನಿಯಮಗಳ ಮೇಲೆ ಹಿಂತಿರುಗುವ ಮಾತುಕತೆ ಇನ್ನೂ ನಡೆಯುತ್ತಿದ್ದಾಗ ಮೊಂಗ್‌ಕುಟ್ ತೀರಿಕೊಂಡರು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಮೊದಲೇ ಲೆಕ್ಕಹಾಕಿದ್ದ ಅವರು ಅದನ್ನು ನೋಡಲು ಪರಿವಾರದೊಡನೆ ದಕ್ಷಿಣದ ಕಡಲತೀರಕ್ಕೆ ಹೋಗಿದ್ದರು. ಅಲ್ಲಿ ತಗಲಿದ ಮಲೇರಿಯಾದಿಂದ ಅಕ್ಟೋಬರ್ 1ರಂದು ಮರಣ ಹೊಂದಿದರು. ಪಟ್ಟಕ್ಕೆ ಬಂದ ಚುಲಲಾಂಗ್‌ಕಾರ್ನ್ ತಮ್ಮ ಹಳೆಯ ಶಿಕ್ಷಕಿಗೆ ಆದರದ ಪತ್ರ ಬರೆದರು. ಆದರೆ ಮತ್ತೆ ಕೆಲಸಕ್ಕೆ ಕರೆಯಲಿಲ್ಲ.

ಬರವಣಿಗೆ

ಲೂಯಿಸ್‌ನನ್ನು ಐರ್ಲೆಂಡಿನ ಶಾಲೆಯಲ್ಲಿ ಬಿಟ್ಟು ಅನ್ನಾ ಅವರು ಏವಿಸ್‌ಳೊಡನೆ ಅಮೆರಿಕಕ್ಕೆ ಹೋದರು. ನ್ಯೂಯಾರ್ಕ್‌ನ ಸ್ಟೇಟನ್ ದ್ವೀಪದಲ್ಲಿ ಪುನಃ ಶಾಲೆ ತೆರೆದರು. 'ಅಟ್ಲಾಂಟಿಕ್ ಮಂತ್ಲಿ' ಪತ್ರಿಕೆಯಲ್ಲಿ ಸಯಾಮಿನ ಅನುಭವಗಳನ್ನು ಬರೆದರು. ಇವು 1870ರಲ್ಲಿ 'ದಿ ಇಂಗ್ಲಿಷ್ ಗವರ್ನೆಸ್ ಅಟ್ ದ ಸಯಾಮೀಸ್ ಕೋರ್ಟ್' ಎಂಬ ಪುಸ್ತಕವಾದವು. ಇದರ ಬೆನ್ನಿಗೇ 'ದ ರೊಮಾನ್ಸ್ ಆಫ್ ದ ಹ್ಯಾರೆಮ್' ಪ್ರಕಟವಾಯಿತು. ಗುಲಾಮಗಿರಿಯ ಪ್ರಶ್ನೆಯ ಮೇಲೆ ಆಗತಾನೆ ಅಂತರ್ಯುದ್ಧ ಕಂಡಿದ್ದ ಅಮೆರಿಕದಲ್ಲಿ ಅಂತಃಪುರದ ದಾಸಿಯರ ಕಥೆಗಳಿಗೆ ಓದುಗರು ದೊರೆತರು. ಉಪನ್ಯಾಸಗಳಿಗೂ ಕರೆ ಬಂದಿತು.

ಈ ಪುಸ್ತಕಗಳಲ್ಲಿ ಅರಮನೆಯ ಹಬ್ಬ, ಆಚರಣೆ, ಸ್ತ್ರೀಯರ ದಿನಚರಿಗಳ ವಿವರಗಳಿವೆ. ಹೊರಗಿನ ಗಂಡಸರು ಕಾಲಿಡಲಾಗದ ಸ್ಥಳವನ್ನು ಒಳಗಿನಿಂದ ಕಂಡವರ ಬರಹವಾದ್ದರಿಂದ ಅವಕ್ಕೆ ಬೆಲೆಯುಂಟು. ಆದರೆ ಮೊಂಗ್‌ಕುಟ್ ಅವರನ್ನು ಕ್ರೂರಿಯೆಂದು ತೋರಿಸುವ ಹಲವು ಪ್ರಸಂಗಗಳನ್ನು ಇತಿಹಾಸಕಾರರು ಒಪ್ಪುವುದಿಲ್ಲ. ನೆಲದಡಿಯ ಸೆರೆಮನೆಗಳ ವರ್ಣನೆ ಅಂಥವುಗಳಲ್ಲಿ ಒಂದು. ಅಗೆದಲ್ಲಿ ನೀರು ಉಕ್ಕುವ ಬ್ಯಾಂಕಾಕಿನ ಮಣ್ಣಿನಲ್ಲಿ ಅಂಥ ರಚನೆ ಸಾಧ್ಯವಿರಲಿಲ್ಲವೆಂಬುದು ಅವರ ವಾದ. ಅಂತಃಪುರದ ಸ್ತ್ರೀಯರು ಬಯಸಿದರೆ ಹೊರಗೆ ಹೋಗಿ ಬೇರೆ ಜೀವನ ನಡೆಸಲು ಅನುಮತಿ ನೀಡಿದ ದೊರೆ ಮೊಂಗ್‌ಕುಟ್ ಎಂಬುದನ್ನೂ ಅವರು ನೆನಪಿಸುತ್ತಾರೆ.

1884ರಲ್ಲಿ ಪ್ರಕಟವಾದ 'ಲೈಫ್ ಅಂಡ್ ಟ್ರಾವೆಲ್ ಇನ್ ಇಂಡಿಯಾ' ಕೃತಿ ರೈಲುಮಾರ್ಗಗಳಿಗಿಂತ ಹಿಂದಿನ ಭಾರತವನ್ನು ಚಿತ್ರಿಸುತ್ತದೆ. ತಾವು ಹುಟ್ಟಿ ಬೆಳೆದ ನೆಲವನ್ನು ಅನ್ನಾ ಇದರಲ್ಲಿ ಹೊರಗಿನಿಂದ ಬಂದ ಇಂಗ್ಲಿಷ್ ಮಹಿಳೆಯಂತೆ ವರ್ಣಿಸಬೇಕಾಯಿತು. ಜನಜೀವನ ಮತ್ತು ಭಾಷೆಗಳ ನಿಕಟ ಪರಿಚಯ ಮಾತ್ರ ಬರಹದಲ್ಲಿ ಮರೆಯಾಗಿ ಉಳಿಯಲಿಲ್ಲ. 1881ರಲ್ಲಿ ರಷ್ಯಾದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರ್ ಹತ್ಯೆಯಾದ ಮೇಲೆ ಅಮೆರಿಕದ ಪತ್ರಿಕೆಯೊಂದರ ಪರವಾಗಿ ಅವರು ಆ ದೇಶದಲ್ಲಿಯೂ ಪ್ರವಾಸ ಮಾಡಿದರು.

ಕೆನಡಾದಲ್ಲಿ

1878ರಲ್ಲಿ ಏವಿಸ್ ಬ್ಯಾಂಕ್ ಅಧಿಕಾರಿ ಥಾಮಸ್ ಫೈಶ್ ಅವರನ್ನು ವಿವಾಹವಾದರು. ಅನ್ನಾ ಅವರ ಬಹುಕಾಲದ ಹಣದ ಚಿಂತೆ ಇದರಿಂದ ನೀಗಿತು. ಮಗಳ ಕುಟುಂಬದೊಡನೆ ಅವರು ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ನೆಲೆಸಿದರು. ಸ್ತ್ರೀಯರ ಮತದಾನದ ಹಕ್ಕಿಗಾಗಿ ದುಡಿದರು. 1887ರಲ್ಲಿ ಅಲ್ಲಿ ಸ್ಥಾಪನೆಯಾದ ಕಲಾಶಾಲೆಯ ಪ್ರವರ್ತಕರಲ್ಲಿ ಅವರು ಪ್ರಮುಖರು. ಇಂದು ವಿಶ್ವವಿದ್ಯಾಲಯವಾಗಿ ಬೆಳೆದಿರುವ ಆ ಸಂಸ್ಥೆಯ ಕಲಾಪ್ರದರ್ಶನ ಶಾಲೆಗೆ ಅವರ ಹೆಸರಿದೆ.

ಮೊಮ್ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಅವರು ಜರ್ಮನಿಯಲ್ಲಿ ಹಲವು ವರ್ಷ ಇದ್ದರು. ಅರವತ್ತೈದು ದಾಟಿದ ಮೇಲೆ ಲೈಪ್‌ಜಿಗ್‌ನಲ್ಲಿ ಪ್ರೊಫೆಸರ್ ಅರ್ನ್ಸ್ಟ್ ವಿಂಡಿಶ್ ಅವರ ಬಳಿ ಸಂಸ್ಕೃತವನ್ನು ಅಭ್ಯಾಸ ಮಾಡಿದರು. 1897ರಲ್ಲಿ ಚುಲಲಾಂಗ್‌ಕಾರ್ನ್ ಯುರೋಪ್ ಪ್ರವಾಸದಲ್ಲಿದ್ದಾಗ ಲಂಡನ್‌ನಲ್ಲಿ ಗುರು ಶಿಷ್ಯರ ಭೇಟಿಯಾಯಿತು. ತಂದೆಯ ಬಗ್ಗೆ ಬಂದ ಬರಹಗಳು ದೊರೆಗೆ ನೋವು ತಂದಿದ್ದರೂ ಶಿಕ್ಷಕಿಯ ಮೇಲಿನ ಗೌರವ ಉಳಿದಿತ್ತು. 1901ರಲ್ಲಿ ಕುಟುಂಬವು ಮಾಂಟ್ರಿಯಲ್‌ಗೆ ಬಂದಿತು. ಮರುವರ್ಷವೇ ಏವಿಸ್ ತೀರಿಕೊಂಡರು. ವೃದ್ಧಾಪ್ಯದಲ್ಲಿ ಅನ್ನಾ ಮತ್ತೆ ಮಕ್ಕಳ ಪಾಲನೆಯ ಹೊಣೆ ಹೊತ್ತರು. 1915ರ ಜನವರಿ 19ರಂದು 83ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಮಾಂಟ್ರಿಯಲ್‌ನ ಮೌಂಟ್ ರಾಯಲ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಮಗ ಲೂಯಿಸ್ ಆಸ್ಟ್ರೇಲಿಯಾದಲ್ಲಿ ಕೆಲಕಾಲ ಕಳೆದು 1881ರಲ್ಲಿ ಸಯಾಮಿಗೆ ಮರಳಿದರು. ಬಾಲ್ಯದ ಒಡನಾಡಿಯಾಗಿದ್ದ ಚುಲಲಾಂಗ್‌ಕಾರ್ನ್ ಅವರಿಗೆ ಅಶ್ವದಳದಲ್ಲಿ ಅಧಿಕಾರ ನೀಡಿದರು. ಮುಂದೆ ಉತ್ತರ ಸಯಾಮಿನಲ್ಲಿ ತೇಗದ ವ್ಯಾಪಾರ ಮಾಡಿ 1905ರಲ್ಲಿ ತಮ್ಮ ಹೆಸರಿನ ಕಂಪನಿಯನ್ನು ಸ್ಥಾಪಿಸಿದರು. 1919ರಲ್ಲಿ ಅವರು ಮರಣ ಹೊಂದಿದರು.

ಕಥೆ ಮತ್ತು ಸತ್ಯ

ಅಮೆರಿಕದ ಲೇಖಕಿ ಮಾರ್ಗರೆಟ್ ಲ್ಯಾಂಡನ್ 1944ರಲ್ಲಿ ಬರೆದ 'ಅನ್ನಾ ಅಂಡ್ ದ ಕಿಂಗ್ ಆಫ್ ಸಯಾಮ್' ಕಾದಂಬರಿ ಅನ್ನಾ ಅವರನ್ನು ಮತ್ತೆ ಲೋಕಪ್ರಸಿದ್ಧರನ್ನಾಗಿಸಿತು. ಅದನ್ನು ಆಧರಿಸಿ 1951ರಲ್ಲಿ ಸಂಗೀತ ನಾಟಕ 'ದ ಕಿಂಗ್ ಅಂಡ್ ಐ' ಹಾಗೂ 1956ರಲ್ಲಿ ಅದರ ಚಲನಚಿತ್ರ ಬಂದವು. ದೊರೆಯನ್ನು ಹಗುರವಾಗಿ ಚಿತ್ರಿಸಲಾಗಿದೆಯೆಂಬ ಕಾರಣಕ್ಕೆ ಥಾಯ್ಲೆಂಡ್ ಈ ಚಿತ್ರವನ್ನೂ, 1999ರಲ್ಲಿ ತೆರೆಕಂಡ 'ಅನ್ನಾ ಅಂಡ್ ದ ಕಿಂಗ್' ಚಿತ್ರವನ್ನೂ ನಿಷೇಧಿಸಿತು.

ಲೂಯಿಸ್ ಅವರ ಜೀವನಚರಿತ್ರೆಯನ್ನು ಬರೆಯಲು ಹೊರಟ ಡಬ್ಲ್ಯೂ. ಎಸ್. ಬ್ರಿಸ್ಟೊ ಅವರು ಹಳೆಯ ಜನನ, ವಿವಾಹ ದಾಖಲೆಗಳನ್ನು ಹುಡುಕಿದಾಗ ವೇಲ್ಸ್‌ನಲ್ಲಿ ಹುಟ್ಟಿದ ಕಥೆ ಕುಸಿಯಿತು. ಅವರ ಪುಸ್ತಕ 1976ರಲ್ಲಿ ಪ್ರಕಟವಾಯಿತು. ಅನಂತರದ ಸಂಶೋಧಕರಲ್ಲಿ ಸೂಸನ್ ಮಾರ್ಗನ್ (2008) ಮತ್ತು ಆಲ್ಫ್ರೆಡ್ ಹೇಬೆಗರ್ (2014) ಮುಖ್ಯರು. ಜನಾಂಗ ಮತ್ತು ವರ್ಗದ ಅಡೆತಡೆಗಳನ್ನು ದಾಟಲು ವಿಧವೆಯೊಬ್ಬಳು ಹೂಡಿದ ಉಪಾಯವೆಂದು ಕೆಲವರು ಈ ಮರೆಮಾಚುವಿಕೆಯನ್ನು ಅರ್ಥೈಸುತ್ತಾರೆ. ತನ್ನ ರಕ್ಷಣೆಗಾಗಿ ಹೇಳಿದ ಸುಳ್ಳು ಬೇರೆ, ಮತ್ತೊಂದು ದೇಶದ ದೊರೆಯ ಹೆಸರಿಗೆ ಮಸಿ ಬಳಿಯುವ ಸುಳ್ಳು ಬೇರೆ ಎಂದು ಅದನ್ನು ಟೀಕಿಸುವವರೂ ಇದ್ದಾರೆ.

ಚುಲಲಾಂಗ್‌ಕಾರ್ನ್ ತಮ್ಮ ಆಳ್ವಿಕೆಯಲ್ಲಿ ದೊರೆಯೆದುರು ನೆಲಕ್ಕೊರಗುವ ಪದ್ಧತಿಯನ್ನು 1873ರಲ್ಲಿ ರದ್ದುಪಡಿಸಿದರು. 1874ರಿಂದ ಹಂತಹಂತವಾಗಿ ಜೀತವನ್ನು ಸಡಿಲಗೊಳಿಸಿ 1905ರಲ್ಲಿ ಪೂರ್ಣವಾಗಿ ಕೊನೆಗಾಣಿಸಿದರು. ಇದರ ಬೀಜ ತಮ್ಮ ಪಾಠಗಳಲ್ಲಿತ್ತೆಂದು ಅನ್ನಾ ನಂಬಿದ್ದರು. ಇತಿಹಾಸಕಾರರು ಇದಕ್ಕೆ ಮೊಂಗ್‌ಕುಟ್ ಅವರೇ ಆರಂಭಿಸಿದ್ದ ಸುಧಾರಣೆಗಳನ್ನೂ ವಿದೇಶಗಳ ಒತ್ತಡವನ್ನೂ ಕಾರಣವಾಗಿ ಎಣಿಸುತ್ತಾರೆ. ಪರ್ತ್, ಸಿಂಗಾಪುರ, ಬ್ಯಾಂಕಾಕ್ ಮತ್ತು ನ್ಯೂಯಾರ್ಕ್‌ಗಳಲ್ಲಿ ಅನ್ನಾ ಅವರು ಪಾಠ ಹೇಳಿ ಸಂಸಾರವನ್ನು ನಡೆಸಿದರೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.